ನೆಲ ಡೊಂಕು

ಜೂನ್ 9, ಸೋಮವಾರ

ಅಸೆಂಬ್ಲಿಯಲ್ಲಿ ಇವತ್ತೂ ಎರಡು ಸಾಲು. ಮೇಲಿನ ಶಾಲೆಯವರು ಮರದ ಕಡೆ, ಕೆಳಗಿನ ಶಾಲೆಯಿಂದ ಬಂದ ನಮ್ಮವರು ನಲ್ಲಿಯ ಕಡೆ. ವಿಸಿಲ್ ಊದಿ ಬೆರೆಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಎಣ್ಣೆ ನೀರು.

ಎರಡು ಹೈಸ್ಕೂಲು ಒಂದಾಗಿ ವಾರವಾಯಿತು — ಬೋರ್ಡಿನ ಮೇಲೆ. ಬೋರ್ಡಿನ ನೀಲಿ ಬಣ್ಣವೂ ಮೇಲಿನವರದೇ. ಅವರದು ನೂರು ವರ್ಷದ ಕಲ್ಲಿನ ಕಟ್ಟಡ. ನಮ್ಮದು ಅಲ್ಲಿ ಸೀಟು ಸಿಗದವರಿಗೆಂದು ಆಮೇಲೆ ಶುರುವಾಗಿದ್ದು, ಈಗ ಬೀಗ. ನಾನು ಓದಿದ್ದೂ ಅಲ್ಲೇ, ಇಷ್ಟು ವರ್ಷ ಡ್ರಿಲ್ ಮಾಡಿಸಿದ್ದೂ ಅಲ್ಲೇ. ಇರಲಿ.

ಜೂನ್ 12

ಹುಡುಗಿಯರ ವಾಲಿಬಾಲ್ ಸೆಲೆಕ್ಷನ್. ನಮ್ಮವರ ಸರ್ವ್ ಒಂದೂ ಒಳಗೆ ಬೀಳಲಿಲ್ಲ. ಎಲ್ಲಾ ಬಲಗಡೆ ಗೆರೆಯಾಚೆ. ಕೊಕ್ಕರೆಯದೂ ಅಷ್ಟೇ — ಉದ್ದ ಕಾಲಿನ ಹುಡುಗಿ, ಹೋದ ವರ್ಷ ನಮ್ಮ ಗ್ರೌಂಡಿನಲ್ಲಿ ಮೇಲಿನವರಿಗೆ ಒಬ್ಬಳೇ ನೀರು ಕುಡಿಸಿದ್ದಳು. ಮೇಲಿನವರ ಕ್ಯಾಪ್ಟನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಕಾರಣ ನನಗೆ ಗೊತ್ತು. ನಮ್ಮ ಗ್ರೌಂಡು ಎಡಕ್ಕೆ, ಚರಂಡಿ ಕಡೆ ಇಳಿಜಾರು. ಅಲ್ಲಿ ಕಲಿತವರು ತಮಗೇ ತಿಳಿಯದೆ ಭುಜ ಬಲಕ್ಕೆ ತಿರುಗಿಸಿ ಹೊಡೆಯುತ್ತಾರೆ. ಇಲ್ಲಿ ನೆಲ ಸಮ.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರು ಮೇಲಿನ ಶಾಲೆಯಲ್ಲಿ ಓದಿದವರು. ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ನೆಲ ನಿಜವಾಗ್ಲೂ ಡೊಂಕೇ ರೀ."

"ಅಲ್ಲಿ ಸೋತು ಬಂದಾಗಲೆಲ್ಲ ನಾವೂ ಅದನ್ನೇ ಹೇಳ್ತಿದ್ವಿ. ನೀವು ನಂಬಿದ್ರಾ?"

ಜೂನ್ 13

ಹೆಚ್.ಎಂ. ಕರೆದರು. "ಟೀಮ್ ಹೆಸರು ಕೊಟ್ಟುಬಿಡಿ ಮೇಡಂ. ಚೆನ್ನಾಗಿ ಆಡೋರನ್ನ ಹಾಕಿ. ಹಳೇ ಕಥೆ ಬೇಡ."

ಅವರು ಹೇಳಿದ್ದು ಸರಿಯೇ. ಆದರೆ ಆರಕ್ಕೆ ಆರೂ ಮೇಲಿನವರೇ ಆದರೆ ನಮ್ಮ ಮಕ್ಕಳು ಇನ್ನು ನಲ್ಲಿಯ ಹತ್ತಿರವೇ ನಿಲ್ಲುತ್ತಾರೆ. ಒಬ್ಬಳಾದರೂ ಬೇಕು. ತಿಂಗಳ ಕೊನೆಯವರೆಗೆ ಟೈಮ್ ಕೇಳಿದೆ. ಕೊಟ್ಟರು, ಮುಖ ಸಿಂಡರಿಸಿಕೊಂಡು.

ಜೂನ್ 17

ಶಾಲೆ ಬಿಟ್ಟ ಮೇಲೆ ಕೊಕ್ಕರೆಗೆ ಪ್ರಾಕ್ಟೀಸ್.

"ಭುಜ ತಿರುಗಿಸಬೇಡ."

"ಎಲ್ಲಿ ತಿರುಗಿಸ್ತಿದೀನಿ ಮೇಡಂ? ನೀವೇ ತೋರಿಸಿ."

ತೋರಿಸಿದೆ. ನನ್ನ ಚೆಂಡೂ ಬಲಕ್ಕೇ ಹೋಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕ್ಯಾಪ್ಟನ್ ಗೆರೆಯಾಚೆ ನಿಂತು ಚೆಂಡು ಹೆಕ್ಕಿ ಕೊಡುತ್ತಿದ್ದಳು. ನಾನು ಕರೆದಿರಲಿಲ್ಲ.

ಜೂನ್ 19

ಹಳೇ ಗ್ರೌಂಡಿಗೆ ಮಣ್ಣು ತುಂಬಿಸುತ್ತಿದ್ದಾರೆ. ಪಾರ್ಕಿಂಗ್ ಅಂತೆ. ಬಸ್ಸಿನಿಂದ ಕಂಡಿತು.

ಜೂನ್ 30, ಸಂಜೆ

ಕೊಕ್ಕರೆಯ ಸರ್ವ್ ಒಂದರ ಹಿಂದೊಂದು ನೆಟ್ಟಗೆ. ಕ್ಯಾಪ್ಟನ್ ಓಡಿ ಬಂದು ಅವಳ ಬೆನ್ನಿಗೊಂದು ಗುದ್ದಿದಳು. ಎಲ್ಲರೂ ಚಪ್ಪಾಳೆ, ಎರಡೂ ಕಡೆಯವರು. ಅವಳ ಹೆಸರೂ ಸೇರಿಸಿ ಹೆಚ್.ಎಂ.ಗೆ ಕೊಟ್ಟು ಬಂದೆ. ಖುಷಿಯಾಗಬೇಕಿತ್ತು. ಆಯಿತು ಕೂಡ.

ಹೊರಟಾಗ ಕೊಕ್ಕರೆ ಗೇಟಿನ ತನಕ ಬಂದಳು.

"ಮೇಡಂ, ಮೊದಲಿನ ಥರ ಹೊಡೆಯೋಕೆ ನೋಡಿದೆ. ಬರ್ತಾನೇ ಇಲ್ಲ."

"ಇನ್ನು ಅದು ಯಾಕೆ ಬೇಕು ನಿನಗೆ?"

"ಬೇಡ. ಸುಮ್ನೆ ಹೇಳಿದೆ."

ಸಂಕಟವಾಯಿತು. ಆ ಹಳೇ ಹೊಡೆತವನ್ನು ಕೈಯಾರೆ ಅಳಿಸಿಹಾಕಿದವಳು ನಾನೇ. ಅವಳು ಹೋದ ಮೇಲೆ ಒಳಗೆ ಹೋಗಿ ಚೆಂಡು ತೆಗೆದುಕೊಂಡೆ. ಗ್ರೌಂಡಿನಲ್ಲಿ ಯಾರೂ ಇರಲಿಲ್ಲ. ಗೆರೆಯ ಮೇಲೆ ನಿಂತು, ಏನೂ ಯೋಚಿಸದೆ, ಕಣ್ಣು ಮುಚ್ಚಿ ಹೊಡೆದೆ. ಎಲ್ಲಿ ಬಿತ್ತೆಂದು ನೋಡಲು ಧೈರ್ಯ ಬರಲಿಲ್ಲ.