ಊರಿಗೆಲ್ಲ ಒಂದೇ ಮೇಲ್ ಐಡಿ

ಮಾರ್ಚ್ 3, ಸೋಮವಾರ

ಮತ್ತೆ ಅದೇ ರಾಮಾಯಣ. ನಮ್ಮ ರಕ್ತಪರೀಕ್ಷೆ ಲ್ಯಾಬಿನ ಮೇಲ್ ಸರ್ವರ್ ಕಳಿಸಿದ ರಿಪೋರ್ಟೆಲ್ಲ ವಾಪಸ್. ಕಡೂರಿನ ಈ ಬಡಪಾಯಿ ಕನೆಕ್ಷನ್‌ನಿಂದ ನೇರ ಹೋದರೆ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನು ಸರ್ವರ್ ಪ್ರತಿ ಮೇಲನ್ನೂ ನಾನು ಬರೆಯುವ ಒಂದು ಕಮಾಂಡ್ ಲೈನ್ ಪ್ರೋಗ್ರಾಂ ಕೈಗೆ ಕೊಡಬೇಕು, ಅದು ನಮ್ಮ ಪರವಾಗಿ ಮೇಲ್ ತಲುಪಿಸುವ ಬೆಂಗಳೂರಿನ ರಿಲೇ ಕಂಪನಿಗೆ ದಾಟಿಸಬೇಕು. ಓನರ್ ಪ್ರತಿಮಾ ಮೇಡಂಗೆ ಅವಸರ. "ಇದೊಂದು ಆಗ್ಬಿಡ್ಲಿ ಹೇಮಶ್ರೀ, ಪೇಷಂಟ್‌ಗಳಿಗೆ ಫೋನ್ ಮಾಡೋ ಕೆಲ್ಸ ತಪ್ಪುತ್ತೆ."

ಮಾರ್ಚ್ 6, ಸಂಜೆ

ಹೋಯ್ತು! ಅಂತೂ ಹೋಯ್ತು ಹಾಳಾದ್ದು. ಆದರೆ ಕೌಂಟರಿನವರು ಒಂದೇ ರಿಪೋರ್ಟನ್ನು ಮೂರು ಸಲ ಒತ್ತುತ್ತಾರೆ, ರಿಲೇಯ ದಿನದ ಮಿತಿ ಮಧ್ಯಾಹ್ನಕ್ಕೇ ಖಲಾಸ್. ಪ್ರೋಗ್ರಾಂಗೆ ಒಂದು ಸಾಲು ಸೇರಿಸಿದೆ — ಒಂದು ಐಡಿಗೆ ದಿನಕ್ಕೆ ಒಂದೇ ಮೇಲ್, ಉಳಿದದ್ದು ಪಕ್ಕದ ಫೋಲ್ಡರಿಗೆ. ಸರ್ವರ್‌ಗೆ ಮಾತ್ರ ಎಲ್ಲ 'ಹೋಯಿತು' ಅಂತಲೇ ಉತ್ತರ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 9, ಭಾನುವಾರ

ನಮ್ಮೂರು ಪಂಚನಹಳ್ಳಿಯಲ್ಲಿ ಲ್ಯಾಬಿನ ಕ್ಯಾಂಪ್. ತೀರ್ಥಮ್ಮ ಚಿಕ್ಕಮ್ಮನನ್ನೂ ಎಳೆದುಕೊಂಡು ಹೋದೆ. ಕಾಲು ಊದಿದೆ, ಮುಖವೂ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ಸೂಜಿ ಕಂಡರೆ ಮಗುವಿಗಿಂತ ಕಡೆ. "ಲೇ ಹೇಮಾ, ಮೆಲ್ಲಗೆ ಚುಚ್ಚೋಕೆ ಹೇಳೇ!"

ಮೇಲ್ ಐಡಿ ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಧರ್ಮೇಶಂದು ಬರ್ಕಳ್ಳಿ." ಪಿಂಚಣಿ, ರೇಷನ್, ಪಹಣಿ, ಏನೇ ಇರಲಿ, ಊರಿಗೆಲ್ಲ ಅವನ ಝೆರಾಕ್ಸ್ ಅಂಗಡಿಯದೇ. ಪ್ರಿಂಟ್ ತೆಗೆದು ಮನೆಗೆ ಮುಟ್ಟಿಸುತ್ತಾನೆ. ನಾನೇ ಬರೆದುಕೊಂಡೆ, ಒಂದರ ಕೆಳಗೊಂದು.

ಮಾರ್ಚ್ 12

ತರೀಕೆರೆ ಬ್ರಾಂಚಿನಲ್ಲಿದ್ದೇನೆ. ಚಿಕ್ಕಮ್ಮನ ಫೋನ್. "ರಿಪೋರ್ಟ್ ಬಂದಿಲ್ಲ ಅಂದ್ರೆ ಏನೂ ಇಲ್ಲ ಅಂತ ತಾನೇ? ಇದ್ದಿದ್ರೆ ನೀನು ಸುಮ್ನೆ ಬಿಡ್ತಿದ್ಯಾ?"

ಇಲ್ಲಿಂದ ಸರ್ವರ್‌ನ ಲಾಗ್ ಅಷ್ಟೇ ಕಾಣುತ್ತದೆ. ಹೋಗಿದೆ ಅಂತಿದೆ. ಧರ್ಮೇಶ ಕೊಡುವುದು ಮರೆತಿರಬೇಕು, ಸೋಮಾರಿ. ನಾಳೆ ಕೇಳಬೇಕು.

ಮಾರ್ಚ್ 16

ಹಾಲು ಕರೆಯುತ್ತಾ ಬಿದ್ದಳಂತೆ. ಕಡೂರು ಮುಟ್ಟುವುದರೊಳಗೆ... ಚಿಕ್ಕಮ್ಮ ಇಲ್ಲ.

ಮಾರ್ಚ್ 28

ಮೊನ್ನೆ ತಿಥಿ ಮುಗಿಯಿತು. ಅವಳ ಮಗ ಹೊನ್ನೇಶ ನನ್ನನ್ನೇ ಸಮಾಧಾನ ಮಾಡಿದ. "ಅಳ್ಬೇಡ ಕಣಕ್ಕಾ. ಏನಾದ್ರೂ ಇದ್ದಿದ್ರೆ ರಿಪೋರ್ಟ್ ಬಂದಿರೋದು. ನಮ್ಮ ಹಣೇಬರ."

ಇವತ್ತು ಕೆಲಸಕ್ಕೆ ಬಂದು, ಪ್ರೋಗ್ರಾಂ ತಡೆದ ಮೇಲ್ ಬೀಳುವ ಆ ಪಕ್ಕದ ಫೋಲ್ಡರ್ ತೆರೆದೆ. ಪಂಚನಹಳ್ಳಿ ಪೂರ್ತಿ ಅದರೊಳಗೇ ಇದೆ. ಧರ್ಮೇಶನಿಗೆ ಹೋದದ್ದು ಮೊದಲನೆಯದೊಂದೇ. ಚಿಕ್ಕಮ್ಮನದೂ ಇದೆ — ಪೊಟ್ಯಾಸಿಯಂ ವಿಪರೀತ ಹೆಚ್ಚು, ಕೆಂಪಕ್ಷರದಲ್ಲಿ, ತಕ್ಷಣ ಆಸ್ಪತ್ರೆಗೆ ಸೇರಿಸಿ ಅಂತ. ನಾನೇ ಕೊಂದೆ. ಬೇರೆ ಹೇಗೆ ಬರೆಯಲಿ.

ಇನ್ನಿಬ್ಬರದೂ ಕೆಂಪಿತ್ತು. ಅವರ ಮನೆಗೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿಸಿದೆ. ಉಳಿದ ರಿಪೋರ್ಟೂ ಧರ್ಮೇಶನಿಗೆ ಹೋಗಲೇಬೇಕು. ಚಿಕ್ಕಮ್ಮನದೊಂದನ್ನು ಅಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ... ಕಮಾಂಡ್ ಟೈಪ್ ಮಾಡಿದೆ. ಎಂಟರ್ ಒತ್ತಲು ಆಗಲಿಲ್ಲ. ದಿನಕ್ಕೊಂದರ ಆ ಸಾಲು ತೆಗೆದು ಎಲ್ಲವನ್ನೂ ಕಳಿಸಿಬಿಟ್ಟೆ.

ಅದೇ ದಿನ, ಮಧ್ಯಾಹ್ನ

ಧರ್ಮೇಶನ ಫೋನ್. "ಇದೇನೇ ಹೇಮಾ, ಒಂದೇ ಸಲ ಸುರೀತಾ ಐತೆ? ತೀರ್ಥಕ್ಕಂದೂ ಬಂದೈತೆ ಕಣೇ, ಈಗ. ಹೊನ್ನೇಶ ಇಲ್ಲೇ ಇದ್ದ, ಅವನ ಕೈಗೆ ಕೊಟ್ಟೆ. ತಾರೀಖು ನೋಡ್ತಾವ್ನೆ... ತಡಿ, ಅವನೇ ಮಾತಾಡ್ತಾನಂತೆ."

"ಅಕ್ಕಾ?" ಅಂದ. "ಇದು ಒಂಬತ್ನೇ ತಾರೀಖಿಂದಲ್ವಾ?"

"ಹೂಂ ಕಣೋ. ನನ್ನ ಪ್ರೋಗ್ರಾಂ ಒಳಗೇ ಸಿಕ್ಕಿಕೊಂಡಿತ್ತು," ಅಂದೆ.