ದೊರೆಯ ಕಾಲು ಕೂಡುತ್ತಿಲ್ಲ

ಹಾಸ್ಟೆಲ್, ಎರಡನೇ ಮಹಡಿ
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಕಾಗದಕ್ಕೂ ಸೇರಿ ಇದೊಂದೇ ಉತ್ತರ, ಬೈಯಬೇಡ. ಚೆನ್ನಾಗಿದ್ದೇನೆ ಎಂದು ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಹಾಳೆ ಹರಿದೆ. ನೀನು, ಭಾವ ಹೇಗಿದ್ದೀರಿ? ಪಾಪುವಿಗೆ ಹಲ್ಲು ಬಂತೇ?

ಮಾಯದ ವಿದ್ಯೆ ಇರುವ ಮಕ್ಕಳಿಗೇ ಒಂದು ಶಾಲೆ ಎಂದಾಗ ಊರೆಲ್ಲ ಹೊಟ್ಟೆಕಿಚ್ಚು ಪಟ್ಟಿತ್ತಲ್ಲ, ಅವರೊಮ್ಮೆ ಇಲ್ಲಿಗೆ ಬಂದು ನೋಡಬೇಕು. ನನ್ನ ಪಕ್ಕದ ಮಂಚದವಳಿಗೆ ನಾವಿಟ್ಟ ಹೆಸರು ನಾಪತ್ತೆ. ಉಸಿರು ಬಿಗಿಹಿಡಿದಷ್ಟು ಹೊತ್ತು ಅವಳೂ ಕಾಣುವುದಿಲ್ಲ, ಅವಳ ಕೈಲಿರುವುದೂ ಕಾಣುವುದಿಲ್ಲ. ಗಣಿತದ ಮೇಷ್ಟ್ರು ಪ್ರಶ್ನೆ ಕೇಳಿದಾಗಲೆಲ್ಲ ಅವಳ ಬೆಂಚು ಖಾಲಿ. ನನ್ನ ವಿದ್ಯೆ ನಿನಗೆ ಗೊತ್ತೇ ಇದೆ. ಮುರಿದದ್ದರ ಮೇಲೆ ಕೈಯಿಟ್ಟು, ಅದು ಹೇಗೆ ಮುರಿಯಿತೆಂದು ಏನೂ ಬಚ್ಚಿಡದೆ ಬಾಯಿಬಿಟ್ಟು ಹೇಳಿದರೆ ಕೂಡಿಕೊಳ್ಳುತ್ತದೆ.

ಇದನ್ನು ನಮ್ಮ ಹೆಡ್ ಮಾಸ್ಟರು ಅತಿಥಿಗಳಿಗೆ ತೋರಿಸುತ್ತಾರೆ. ಪ್ರತಿ ತಿಂಗಳೂ ಕೋಟು ತೊಟ್ಟ ಹತ್ತು ಜನ ಬಂದು ಮೊದಲ ಸಾಲಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಾರೆ. ಅವರು ಬೆರಳು ಚೀಪುವ ಸದ್ದು ವೇದಿಕೆಗೂ ಕೇಳುತ್ತದೆ, ಥೂ. ಮೊದಲೆಲ್ಲ ಬಟ್ಟಲು ಒಡೆದರೆ ಸಾಕಿತ್ತು. ಬರಬರುತ್ತಾ ಅವರಿಗೆ ಬೇಸರ ಬಂತು. ಹೋದ ತಿಂಗಳು ಪಾರಿವಾಳ. ಹೆಡ್ ಮಾಸ್ಟರು ನಗುನಗುತ್ತಲೇ ಅದರ ರೆಕ್ಕೆ ಮುರಿದರು, ಕೈಯನ್ನು ಕರ್ಚೀಫಿಗೆ ಒರೆಸಿಕೊಂಡು ಅದೇ ಕೈಯಲ್ಲಿ ನನ್ನ ಬೆನ್ನು ತಟ್ಟಿದರು. ನಾನು ನಡೆದದ್ದು ಹೇಳಿದೆ. ರೆಕ್ಕೆ ಕೂಡಿತು, ಚಪ್ಪಾಳೆ ಬಿತ್ತು.

ಮೊನ್ನೆ ಶುಕ್ರವಾರ ಕಾವಲುಗಾರ ತಾತನ ನಾಯಿಯನ್ನು ತಂದರು. ಹೆಸರು ದೊರೆ. ಹದಿಮೂರು ವರ್ಷದ ಮುದಿನಾಯಿ, ಬಾಲ ಆಡಿಸುತ್ತಾ ತಾನಾಗಿಯೇ ವೇದಿಕೆ ಹತ್ತಿತು. ಹೆಡ್ ಮಾಸ್ಟರು ಕಬ್ಬಿಣದ ಸರಳಿನಿಂದ ಅದರ ಹಿಂಗಾಲಿಗೆ ಒಂದೇ ಏಟು ಕೊಟ್ಟರು. ಅದು ಕಿರುಚಿದಾಗ ಮೊದಲ ಸಾಲಿನಲ್ಲೊಬ್ಬ ತಟ್ಟೆ ಬೀಳದಂತೆ ಹಿಡಿದುಕೊಂಡ, ಅಷ್ಟೆ. ನಾನು ಕೈಕಟ್ಟಿ ನಿಂತು, "ಇವ್ರ ಮುಂದೆ ನಾನು ಕೂಡಿಸಲ್ಲ" ಅಂದೆ. ಹೆಡ್ ಮಾಸ್ಟರು ನನ್ನ ರಟ್ಟೆ ಹಿಡಿಯುವಷ್ಟರಲ್ಲಿ ನಾಪತ್ತೆ ಉಸಿರು ಬಿಗಿಹಿಡಿದು ನುಗ್ಗಿ ದೊರೆಯನ್ನು ಎತ್ತಿಕೊಂಡಳು, ಇಬ್ಬರೂ ಮಾಯ. ಬೆರಳಿನಿಂದ ಕಿಡಿ ಹಾರಿಸುವ ಹುಡುಗನೊಬ್ಬ ಪರದೆಗೆ ಬೆಂಕಿ ತಗುಲಿಸಿದ. ಕೋಟಿನವರು ಒಬ್ಬರನ್ನೊಬ್ಬರು ತುಳಿದುಕೊಂಡು ಓಡಿದರು. ಇನ್ನು ಈ ಕಡೆ ತಲೆ ಹಾಕುವುದಿಲ್ಲವಂತೆ. ಹೆಡ್ ಮಾಸ್ಟರು ಅವತ್ತಿನಿಂದ ಕೋಣೆಯ ಬಾಗಿಲು ತೆಗೆದಿಲ್ಲ.

ದೊರೆಯನ್ನು ಹಳೇ ಹಾಸಿಗೆಗಳ ಕೋಣೆಯಲ್ಲಿ ಮಲಗಿಸಿದ್ದೇವೆ. ಆದರೆ ಅಕ್ಕಾ, ಕಾಲು ಕೂಡುತ್ತಿಲ್ಲ. ಎರಡು ದಿನದಿಂದ ಕೈಯಿಟ್ಟು ಹೇಳುತ್ತಲೇ ಇದ್ದೇನೆ, ಯಾರು ಹೊಡೆದರು, ಯಾವುದರಿಂದ ಹೊಡೆದರು, ಎಲ್ಲ. ಊತ ಏರುತ್ತಿದೆ, ಗಾಯ ನಾರುತ್ತಿದೆ. ದನದ ಡಾಕ್ಟರು ಬಂದು ನೋಡಿ, ನಾಳೆಯೊಳಗೆ ಸರಿಹೋಗದಿದ್ದರೆ ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವುದೇ ಪುಣ್ಯದ ಕೆಲಸ ಎಂದರು. ತಾತ ಮಾತ್ರ ನನ್ನ ಕಡೆ ನೋಡಿ, "ನೀನಿದ್ದೀಯಲ್ಲ ಪುಟ್ಟಿ, ನಂಗೇನು ಭಯ" ಅಂದರು. ಇಡೀ ಶಾಲೆ ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಿದೆ. ಅಡುಗೆಯವಳು ಕರೆಕರೆದು ಎರಡು ಲೋಟ ಹಾಲು ಕೊಡುತ್ತಾಳೆ. ಎರಡನ್ನೂ ನಾಪತ್ತೆಗೆ ಕೊಟ್ಟುಬಿಡುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸು. ಪಾಪು ನೂರು ವರ್ಷ ಚೆನ್ನಾಗಿರಲಿ, ಯಾವ ವಿದ್ಯೆಯೂ ಬಾರದೆ ಚೆನ್ನಾಗಿರಲಿ.

ನಿನ್ನ ತಂಗಿ,
ಮೊಂಡಿ

ವಿ.ಸೂ.: ಪಾರಿವಾಳದ ದಿನ ಆ ಚಪ್ಪಾಳೆ ನನಗೆ ಇಷ್ಟವಾಗಿತ್ತು, ಅಕ್ಕಾ. ಎರಡು ಸಲ ತಲೆಬಾಗಿದೆ. ಆಮೇಲೆ ನಾನಾಗಿಯೇ ಹೆಡ್ ಮಾಸ್ಟರ ಹಿಂದೆ ಓಡಿಹೋಗಿ, "ಮುಂದಿನ ಸಲ ಇನ್ನೂ ದೊಡ್ಡದು ತನ್ನಿ ಸಾರ್. ತಾತನ ನಾಯಿ ಯಾರು ಕರೆದ್ರೂ ಬರುತ್ತೆ" ಅಂದೆ. ಇದನ್ನೂ ಹೇಳದೆ ಕಾಲು ಕೂಡುವುದಿಲ್ಲ. ನೀರು ತನ್ನಿ ಎಂದು ತಾತನನ್ನು ಹೊರಗೆ ಕಳಿಸಲು ನೋಡಿದೆ. ಅವರು ದೊರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದಾರೆ, ಏಳುವುದೇ ಇಲ್ಲ. ಕಾಗದ ಅಂಟಿಸಿ ಅಲ್ಲಿಗೇ ಹೋಗುತ್ತಿದ್ದೇನೆ. ಅವರ ಮುಂದೆಯೇ ಹೇಳಬೇಕು.