ಖಾಲಿ ಬಿಟ್ಟ ಎರಡನೆಯ ಸಾಲು

ಜೂನ್ ೧೨

ಪ್ರೀತಿಯ ಡಾಕ್ಟ್ರಮ್ಮ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರಿಸದಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಫೋನಿನಲ್ಲಾದರೆ ಜಗಳವೇ ಆಗುತ್ತಿತ್ತು. ಹಾಸ್ಟೆಲಿನ ಕಾಲದಿಂದಲೂ ನನ್ನ ಬಾಯಿ ನಿನಗೆ ಗೊತ್ತು. ಮಂಡಿನೋವು ಹೇಗಿದೆ?

ಹೆಪಟೈಟಿಸ್ ಸಿ ತಗುಲಿ ಲಿವರ್ ಕೆಟ್ಟು ಸತ್ತವರ ಪ್ರಮಾಣ ನಮ್ಮ ಮರಣ ನೋಂದಣಿ ಕಚೇರಿಯ ಲೆಕ್ಕದಲ್ಲಿ ಈ ವರ್ಷ ಅರ್ಧಕ್ಕೆ ಇಳಿದಿದೆ. ನಿರ್ದೇಶಕರಿಗೆ ಖುಷಿಯೋ ಖುಷಿ. "ನಗೋದು ಬಿಟ್ಟು ಯಾಕ್ರೀ ಮುಖ ಗಂಟು ಹಾಕ್ಕೊಂಡಿದ್ದೀರಿ?" ಎಂದರು.

"ಸಾರ್, ರೋಗ ಅಲ್ಲೇ ಇದೆ. ಮರಣಪತ್ರದಲ್ಲಿ ಅದನ್ನ ಬರೆಯೋರು ಇಲ್ಲ."

"ಹಾಗಾದ್ರೆ ಸತ್ತವರನ್ನೇ ಕರೆಸಿ ಕೇಳಿ!"

ಈ ಅಂಕಿಯನ್ನೇ ಹಿಡಿದುಕೊಂಡು ಉಚಿತ ರಕ್ತಪರೀಕ್ಷೆಯ ಘಟಕವನ್ನು ಮುಚ್ಚುತ್ತಾರಂತೆ. ಮಾತ್ರೆಯಿಂದ ವಾಸಿಯಾಗುವ ರೋಗ ಕಣೇ ಇದು! ಇದೆಯೆಂದೇ ತಿಳಿಯದಿದ್ದರೆ ಯಾರು ನುಂಗುತ್ತಾರೆ?

ಮರಣಪತ್ರದ ಮೊದಲ ಸಾಲು ಕೊನೆಗೆ ಜೀವ ತೆಗೆದದ್ದಕ್ಕೆ, ಎರಡನೆಯದು ಅದರ ಮೂಲ ರೋಗಕ್ಕೆ. ನಿನ್ನ ವಾರ್ಡಿನಿಂದ ಬರುವ ಪತ್ರಗಳಲ್ಲಿ ಮೊದಲನೆಯದು 'ಲಿವರ್ ವೈಫಲ್ಯ', ಎರಡನೆಯದು ಖಾಲಿ. ಹಿಂದೊಮ್ಮೆ ನಾನು ಕೇಳಿದಾಗ ನೀನು, "ಮನೆಯವರು ಕಾಲು ಹಿಡೀತಾರೆ ಕಣೇ, ಸೂಜಿ ಚಟ ಅಂತ ಜನ ಏನೇನೋ ಅಂದ್ಕೋತಾರೆ, ಬರೀಬೇಡಿ ಅಂತ. ಸತ್ತೋರ ಮಾನ ತೆಗೀಲಾ?" ಎಂದಿದ್ದೆ. ಅವರ ಮಾನ ಕಾಯಲು ಹೋಗಿ ಇರುವವರ ಜೀವಕ್ಕೆ ಕುತ್ತು ತರುತ್ತಿದ್ದೀಯ. ಕವಿತೆಯಲ್ಲಾದರೆ ಬಿಟ್ಟ ಜಾಗವೂ ಮಾತಾಡುತ್ತದೆ. ನನ್ನ ಕೋಷ್ಟಕದಲ್ಲಿ ಅದು ಬರೀ ಸೊನ್ನೆ.

ತಿದ್ದುಪಡಿಗೆ ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ಹಳೆಯ ರಕ್ತಪರೀಕ್ಷೆಯ ವರದಿಗಳು ನಿನ್ನಲ್ಲೇ ಇವೆ. ಕೂತು ತುಂಬಿಸಿಕೊಡು, ಬೇಕಾದರೆ ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ. ಇನ್ನು ಹೇಗೆ ಕೇಳಬೇಕೋ ನನಗೆ ತಿಳಿಯದು.

ನಿನ್ನ ಮಗಳಿಗೆ ಹೊಸ ಕೆಲಸ ಒಗ್ಗಲಿ, ನನ್ನ ಆಶೀರ್ವಾದ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ
ಲೆಕ್ಕದ ಪಿಶಾಚಿ

ತಾ.ಕ.: ನನ್ನ ತಮ್ಮನ ಮರಣಪತ್ರದಿಂದಲೇ ಶುರುಮಾಡು. ನಾನು ಕೇಳಿಕೊಳ್ಳದಿದ್ದರೂ, ನನ್ನ ಮುಖ ನೋಡಿ ಅವನದ್ದರಲ್ಲೂ ನೀನು ಎರಡನೆಯ ಸಾಲು ಖಾಲಿ ಬಿಟ್ಟೆ. ಹುಡುಗನಾಗಿದ್ದಾಗ ಅಪಘಾತವಾಗಿ ಹಾಕಿಸಿಕೊಂಡ ರಕ್ತದಿಂದ ಬಂದ ರೋಗ. ಹೆಂಡತಿ ಹೆದರುತ್ತಾಳೆಂದು ಅವಳಿಗೂ ಹೇಳದೆ ಹೋದ. ಜನ್ಮದಲ್ಲಿ ಒಂದು ಹನಿ ಹೆಂಡ ಮುಟ್ಟಿದವನಲ್ಲ. ನಿನ್ನೆ ಅವಳು 'ಲಿವರ್ ವೈಫಲ್ಯ' ಎಂದಷ್ಟೇ ಇರುವ ಆ ಪತ್ರ ಹಿಡಿದು ಬಂದು, "ಅತ್ತಿಗೆ, ನಿಜ ಹೇಳಿ. ನಂಗೆ ಗೊತ್ತಾಗದ ಹಾಗೆ ಎಲ್ಲಿ ಕುಡೀತಿದ್ರು?" ಎಂದಳು. ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, "ಹಾಗಿದ್ರೆ ಡಾಕ್ಟ್ರು ಯಾಕೆ ಬರೀಲಿಲ್ಲ?" ಎಂದಳು.